ಕುಲುಕದ ಕಾರು

ಎಂಬತ್ತರ ದಶಕದಲ್ಲಿ ಸೊಕ್ಕೆಯಿಂದ ಜಗಳೂರಿಗೆ ಹಳೇ ಪ್ಯಾಸೆಂಜರ್ ವ್ಯಾನು ಓಡಿಸುತ್ತಿದ್ದೆ. ಒಂದು ದಿನ ಎದೆನೋವಿನ ಅಜ್ಜನೊಬ್ಬನನ್ನು ಆಸ್ಪತ್ರೆಗೆಂದು ಅದರಲ್ಲಿ ಮಲಗಿಸಿದ್ದರು. ಅಷ್ಟರಲ್ಲಿ ಊರ ಸಾಹುಕಾರರು ತಮ್ಮ ಹೊಸ ಕಾರು ಕಳಿಸಿದರು. ಅಜ್ಜನ ಮಗ ಅಪ್ಪನನ್ನು ಇಳಿಸಿಯೇಬಿಟ್ಟ.

‘ನಿಮ್ಮ ಡಬ್ಬ ಬಾಳ ಕುಲುಕ್ತೈತಣ್ಣ. ಆ ಕಾರಿನಾಗೆ ಮೆತ್ತಗೆ ಹೋಗ್ತಾನೆ ನಮ್ಮಪ್ಪ.’

ಮೈ ಉರಿಯಿತು, ಆದರೂ ಹಿಂದೆಯೇ ಹೋದೆ. ಮಳೆಗೆ ಕೊರೆದ ಗಾಡಿಜಾಡಿನ ನಡುವಿನ ದಿಬ್ಬಕ್ಕೆ ಕಾರಿನ ಹೊಟ್ಟೆ ಕಚ್ಚಿಕೊಂಡಿತು. ನನ್ನ ವ್ಯಾನಿನ ಎತ್ತರಕ್ಕೆ ಅದೇನೂ ಲೆಕ್ಕವಲ್ಲ. ಆದರೆ ಮುಂದೆ ಕಾರೇ ಅಡ್ಡ, ಎರಡೂ ಬದಿಗೆ ಕಳ್ಳಿಬೇಲಿ. ಎಲ್ಲರೂ ಸೇರಿ ಕಾರು ಎತ್ತುವಷ್ಟರಲ್ಲಿ ಅಜ್ಜನ ಉಸಿರು ನಿಂತಿತ್ತು.

ಹೆಣ ಮತ್ತೆ ನನ್ನ ಡಬ್ಬಕ್ಕೇ ಬಂತು.

‘ನಿಧಾನಕ್ಕೆ ಹೊಡೀರಣ್ಣ, ಕುಲುಕಿದ್ರೆ ಅಪ್ಪಗೆ ನೋವಾಗ್ತೈತೆ,’ ಅಂದ ಮಗ.

ನಿಧಾನಕ್ಕೇ ಹೊಡೆದೆ. ಅವಸರ ಇನ್ಯಾರಿಗಿತ್ತು?