ಮೊಣಕೈಯ ಅಳತೆ

ನಮ್ಮ ಭಾವ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಒಂದಿಡೀ ತಲೆಮಾರಿನ ಮಕ್ಕಳು ಬರೆದ ಗುಡಿಸಲು, ಎರಡು ಗುಡ್ಡ, ನಡುವೆ ನಗುವ ಸೂರ್ಯ, ಇವನ್ನೆಲ್ಲ ತಿದ್ದಿ ತಿದ್ದಿ ಕಣ್ಣು ಸವೆಸಿಕೊಂಡವರು. ನಿವೃತ್ತರಾದ ಮೇಲೆ ತಿದ್ದಲು ಮಕ್ಕಳು ಸಿಗದೆ ಮನೆಯನ್ನೇ ತಿದ್ದಲು ಹೊರಟರು. ಗೋಡೆಯ ಗಡಿಯಾರ, ಕಿಟಕಿಯ ಪರದೆ, ಎದುರುಮನೆಯವರ ಗೇಟು, ಎಲ್ಲವೂ ಅವರ ಕಣ್ಣಿಗೆ ತುಸು ಓರೆ. ಜೇಬಿನಲ್ಲಿ ಸದಾ ಸ್ಟೀಲಿನ ಸ್ಕೇಲು ಇರುತ್ತಿತ್ತಾದ್ದರಿಂದ ಶಾಲೆಯ ಮಕ್ಕಳು ಅವರಿಗೆ 'ಸ್ಕೇಲು' ಅಂತಲೇ ಹೆಸರಿಟ್ಟಿದ್ದರು. ಮಕ್ಕಳು ಬೆನ್ನ ಹಿಂದೆ ಕರೆಯುತ್ತಿದ್ದರು. ನಾನು ನಾದಿನಿ, ನನಗೆ ಎದುರಿಗೇ ಕರೆಯುವ ಹಕ್ಕಿತ್ತು.

ಈ ಸ್ಕೇಲಿನಿಂದ ಯಾವತ್ತೂ ಅಳೆಸಿಕೊಳ್ಳದೆ ಉಳಿದವಳು ಅಕ್ಕ ಒಬ್ಬಳೇ. ಅವಳು ಗಿಡ್ಡಿ. ಮದುವೆಯಾಗಿ ಬಂದಾಗ ಆ ಮನೆಯ ಅಡುಗೆಕಟ್ಟೆ ಅವಳ ಅತ್ತೆಯ ಎತ್ತರಕ್ಕೆ ಕಟ್ಟಿದ್ದಾಗಿತ್ತು. ಅತ್ತೆಯೋ, ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದ ಆಳು. ಅಕ್ಕ ಒಂದು ಮರದ ಮಣೆ ಹಾಕಿಕೊಂಡು, ಅದರ ಮೇಲೆ ಹಿಮ್ಮಡಿ ಎತ್ತಿ ನಿಂತು ಅಡುಗೆ ಮಾಡುವುದನ್ನು ಕಲಿತಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಅತ್ತೆ ಕಾಲವಾದರು, ಕಟ್ಟೆ ಮಾತ್ರ ಆಗಲಿಲ್ಲ.

ಹಾಗೆ ಕೈ ಮೇಲೆತ್ತಿ ಸೌಟು ತಿರುಗಿಸಿ ತಿರುಗಿಸಿ ಅವಳ ಬಲಭುಜ ಹಿಡಿದುಕೊಂಡಿತು. ತಲೆ ಬಾಚಿಕೊಳ್ಳಲೂ ಆಗದೆ, ನಾನು ಹೋದಾಗಲೆಲ್ಲ ಬಾಚಣಿಗೆ ಹಿಡಿದು ನನ್ನ ಮುಂದೆ ಕೂರುತ್ತಿದ್ದಳು. ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ಕೇಳಿದ್ದು ಒಂದೇ ಪ್ರಶ್ನೆ.

"ಅಡುಗೆಕಟ್ಟೆ ಎತ್ತರ ಇದೆಯೇನಮ್ಮ?"

"ನಾನೇ ಗಿಡ್ಡ ಇದೀನಿ ಡಾಕ್ಟ್ರೇ," ಅಂದಳು ಅಕ್ಕ. ಅಷ್ಟು ವರ್ಷ ಆ ಮನೆಯಲ್ಲಿದ್ದು ಕಲಿತ ಉತ್ತರ ಅದು.

"ಕಟ್ಟೆ ತಗ್ಗಿಸ್ಕೊಳ್ಳಿ. ಇಲ್ಲಾಂದ್ರೆ ಆ ಕೈ ಮೇಲೆತ್ತೋ ಆಸೆ ಬಿಟ್ಬಿಡಿ."

ಭಾವ ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವರಾಗಿದ್ದರೆ ಬಯ್ದು ಸುಮ್ಮನಾಗಬಹುದಿತ್ತು. ಆಸ್ಪತ್ರೆಯಿಂದ ಬಂದವರೇ, "ಬರೀ ಕಟ್ಟೆ ತಗ್ಗಿಸೋದೇನು, ನಿನಗೆ ಹೊಸ ಅಡುಗೆಮನೇನೇ ಮಾಡಿಸ್ತೀನಿ. ನಾನೇ ಡಿಸೈನ್ ಮಾಡ್ತೀನಿ," ಅಂದರು. ಅಕ್ಕನ ಕಣ್ಣಲ್ಲಿ ನೀರು ಬಂತು. "ಕಲ್ಲು ಯಾವ್ದಾದ್ರೂ ಹಾಕ್ಸಿ, ಬಣ್ಣ ಏನಾದ್ರೂ ಇರ್ಲಿ. ಎತ್ತರ ಒಂದು ನನಗೆ ಸರಿಯಾಗಿದ್ರೆ ಸಾಕು," ಅಂದಳು. ಒಂದೇ ಒಂದು ಬೇಡಿಕೆ. ಭಾವ ತಲೆಯಾಡಿಸಿದರು. ಅವರ ಕಿವಿಯೊಳಗೆ ಹೋದದ್ದು ಮಾತ್ರ 'ಕಲ್ಲು' ಎಂಬಲ್ಲಿಗೇ ನಿಂತಿತ್ತೆಂದು ಕಾಣುತ್ತದೆ.

ಅಲ್ಲಿಂದ ಶುರುವಾಯಿತು ಕಲ್ಲಿನ ತಪಸ್ಸು. ಊರಿನ ಕಲ್ಲಿನ ಅಂಗಡಿಗಳನ್ನೆಲ್ಲ ಜಾಲಾಡಿದರು. ಕೈಯಲ್ಲಿ ನೀರಿನ ಬಾಟಲಿ. ನಿಲ್ಲಿಸಿಟ್ಟ ಚಪ್ಪಡಿಗಳ ಮೇಲೆ ನೀರು ಎರಚಿ, ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡುವುದು. ಅಂಗಡಿಯವರು ಅವರನ್ನು ಕಂಡರೆ ಊಟಕ್ಕೆ ಎದ್ದು ಹೋಗುವಷ್ಟಾಯಿತು. ಗ್ರಾನೈಟು ಬೇಡ, ಅದು ಸಮಾಧಿಗೆ ಹಾಕುವ ಕಲ್ಲು. ಸ್ಲೇಟು ಬೇಡ, ಅದನ್ನು ಕಂಡರೆ ಸೀಮೆಸುಣ್ಣ ಹಿಡಿಯುವ ಆಸೆಯಾಗುತ್ತದೆ. ಸುಣ್ಣದ ಕಲ್ಲಿಗೆ ಮುಖದಲ್ಲಿ ಕಳೆಯಿಲ್ಲ. ಮಗನಿಗೆ ಹೆಣ್ಣು ನೋಡುವಾಗಲೂ ಅವರು ಇಷ್ಟು ಕೊಂಕು ತೆಗೆದಿರಲಿಲ್ಲ. ಮನೆಯ ತುಂಬ ಮಾದರಿಯ ತುಂಡುಗಳು: ಟೀವಿಯ ಮೇಲೆ, ಸೋಪಿನ ಪಕ್ಕ, ಬೂಟಿನ ಗೂಡಿನಲ್ಲಿ. ಒಮ್ಮೆ ನಾನು ಸೋಫಾದಲ್ಲಿ ದೊಪ್ಪನೆ ಕೂತು, ಎದ್ದು, ಆ ದಿನವೆಲ್ಲ ನಿಂತೇ ಇದ್ದೆ.

"ಅದು ಟ್ರಾವರ್ಟೈನು ಕಲ್ಲು, ಹುಷಾರು!" ಅಂದರು ಭಾವ. ಕಲ್ಲಿಗೆ ಏಟಾಯಿತೇನೋ ಎಂಬ ಗಾಬರಿ.

ಕೊನೆಗೆ ಮನಸ್ಸು ನಿಂತದ್ದು ಒಂದು ಬಿಳಿ ಅಮೃತಶಿಲೆಯ ಮೇಲೆ. ಮೈಯೆಲ್ಲ ಬೂದು ಬಣ್ಣದ ನರ. ಒಂದೇ ಬಂಡೆಯಿಂದ ಸೀಳಿದ ಎರಡು ಚಪ್ಪಡಿಗಳನ್ನು ಪುಸ್ತಕದ ಪುಟ ಬಿಡಿಸಿದ ಹಾಗೆ ಅಕ್ಕಪಕ್ಕ ನಿಲ್ಲಿಸಿದರೆ, ಎಡಗಡೆಯ ನರಕ್ಕೆ ಬಲಗಡೆಯ ನರ ಜೊತೆಗೂಡಿ ನಡುವೆ ಒಂದು ಬೆಟ್ಟ ಮೂಡುತ್ತದೆ. ಆ ಬೆಟ್ಟ ಒಲೆಯ ಹಿಂದಿನ ಗೋಡೆಗೆ. ಬೆಟ್ಟದಿಂದ ಇಳಿಯುವ ನರಗಳು ಎಲ್ಲೂ ತುಂಡಾಗದೆ ನೇರ ಕಟ್ಟೆಯ ಮೇಲೆ ಹರಿಯಬೇಕು, ನದಿಯ ಹಾಗೆ. ಇದು ಭಾವನ ಡಿಸೈನು. ಮಕ್ಕಳ ಎರಡು ಗುಡ್ಡವನ್ನು ಜೀವಮಾನವೆಲ್ಲ ತಿದ್ದಿದವರು ಕೊನೆಗೆ ತಮ್ಮ ಅಡುಗೆಮನೆಯಲ್ಲೂ ಒಂದನ್ನು ತಂದು ನಿಲ್ಲಿಸಿಕೊಂಡರು.

ಹಳೆಯ ಅಡುಗೆಮನೆ ಒಡೆದು ಹಾಕಿದ ಮೇಲೆ ಒಲೆ ಹಿಂದಿನ ಜಗುಲಿಗೆ ಬಂತು. ಇಡಲು ಬೇರೇನೂ ಇಲ್ಲದೆ ಶಾಲೆಯಿಂದ ಹರಾಜಿನಲ್ಲಿ ತಂದಿದ್ದ ಚಿಕ್ಕ ಮಕ್ಕಳ ಡೆಸ್ಕಿನ ಮೇಲೆ ಇಟ್ಟರು. ಅಕ್ಕ ಅದರ ಮುಂದೆ ನಿಂತಳು. ಮಣೆ ಬೇಕಾಗಲಿಲ್ಲ. ಮೊಣಕೈ ತಾನಾಗಿ ಬಾಗಿತು, ಭುಜ ಕೆಳಗೇ ಉಳಿಯಿತು. ಕೆಲಸ ಮುಗಿಯುವ ಹೊತ್ತಿಗೆ ಅವಳೇ ಒಂದು ಬೆಳಗ್ಗೆ ತಲೆ ಬಾಚಿಕೊಂಡಿದ್ದಳು. ಬೈತಲೆ ಸೊಟ್ಟಗಿತ್ತು. ನಾನು ಅದನ್ನು ಸರಿಮಾಡಲು ಹೋಗಲಿಲ್ಲ, ಅಷ್ಟು ಸಂತೋಷವಾಗಿತ್ತು.

"ಇಷ್ಟೇ ಎತ್ತರ ಸಾಕು ಕಣೆ," ಅಂದಳು, ಡೆಸ್ಕಿನ ಮೇಲೆ ಕೈಯಾಡಿಸಿ.

ಅಳತೆ ತೆಗೆಯಲು ಕಲ್ಲಿನ ಮೇಸ್ತ್ರಿ ಬಂದದ್ದು ಒಲೆ ಜಗುಲಿಗೆ ಬಂದ ಹೊಸದರಲ್ಲೇ. ಮೇಸ್ತ್ರಿ ಮಾತಿನ ಮಲ್ಲ, ಭಾವನಿಗೆ ಹೇಳಿ ಮಾಡಿಸಿದ ಜೋಡಿ. ಕಟ್ಟೆಯ ಎತ್ತರಕ್ಕೆ ಅವನದೊಂದು ಪದ್ಧತಿ: ಟೇಪು ಹಿಡಿಯುವ ಮೊದಲು, ಅಡುಗೆ ಮಾಡುವವರನ್ನು ಗೋಡೆಯ ಪಕ್ಕ ನಿಲ್ಲಿಸಿ, ಕೈ ಮಡಚಲು ಹೇಳಿ, ಮೊಣಕೈಗಿಂತ ಒಂದು ಗೇಣು ಕೆಳಗೆ ಗೋಡೆಗೆ ಗೀಟು ಹಾಕುವುದು. ಆಗ ನಡೆದ ಮಾತುಗಳನ್ನು ಅವನೇ ಆಮೇಲೆ ನಮಗೆ ನಟಿಸಿ ತೋರಿಸಿದ.

"ಅಡುಗೆ ಮಾಡೋರು ಬಂದು ನಿಂತ್ಕೊಳ್ಳಿ ಸಾರ್."

"ಅವಳು ನಿಮಗೇ ಟೀ ಇಡ್ತಿದಾಳೆ. ಪಾಪ, ಯಾಕೆ ತೊಂದ್ರೆ ಕೊಡೋದು? ನನ್ನದೇ ತಗೊಳ್ಳಿ. ಡಿಸೈನ್ ಮಾಡಿದ್ದು ನಾನೇ ತಾನೆ?"

ಎಂಥ ಕಾಳಜಿ ನೋಡಿ! ಹೆಂಡತಿಗೆ ಎರಡು ಹೆಜ್ಜೆ ನಡೆಯುವ ತೊಂದರೆ ತಪ್ಪಿಸಿ, ಅತ್ತೆಯ ಮಗ ಅತ್ತೆಯಷ್ಟೇ ಎತ್ತರದ ಮೈಯನ್ನು ಗೋಡೆಗೆ ಆನಿಸಿ ನಿಂತರು. ಮೊಣಕೈ ಮಡಚಿದರು. ಮೇಸ್ತ್ರಿ ಗೀಟು ಹಾಕಿದ. ಗೀಟು ಸ್ವಲ್ಪ ಓರೆಯಾಯಿತೆಂದು ಅದನ್ನೂ ಸ್ಕೇಲು ಹಿಡಿದು ತಿದ್ದಿದರು. ಅಷ್ಟರಲ್ಲಿ ಅಕ್ಕ ಡೆಸ್ಕಿನ ಮುಂದೆ ನಿಂತು ಟೀ ಸೋಸುತ್ತಿದ್ದಳು.

ಅಡುಗೆಮನೆ ಸಿದ್ಧವಾಯಿತು. ಮೇಸ್ತ್ರಿಯನ್ನೂ ಸೇರಿಸಿ ನೆಂಟರಿಷ್ಟರನ್ನೆಲ್ಲ ಊಟಕ್ಕೆ ಕರೆದರು, ಅಂದರೆ ಕಲ್ಲು ನೋಡಲು ಕರೆದರು. ಭಾವ ಬಾಗಿಲಲ್ಲೇ ನಿಂತು, ಬೆಟ್ಟ ಎಲ್ಲಿಂದ ಎದ್ದು ಎಲ್ಲಿ ನದಿಯಾಗುತ್ತದೆಂದು ಸ್ಕೇಲಿನಿಂದ ತೋರಿಸುತ್ತಿದ್ದರು. ಎದುರುಮನೆಯಾತನಿಗೆ ಬೆಟ್ಟದ ಬದಲು ಬಾವಲಿ ಕಂಡಿತು. ನನ್ನ ಗಂಡನಿಗೆ ಮೀಸೆ ಬಿಟ್ಟ ಯಾರೋ ಕಂಡರು.

"ದೂರದಿಂದ ನೋಡ್ಬೇಕು," ಅಂದರು ಭಾವ ಮುನಿಸಿಕೊಂಡು.

"ಹೌದು ಬಿಡಿ, ದೂರದ ಬೆಟ್ಟ ನುಣ್ಣಗೆ," ಅಂದೆ ನಾನು.

ಅಕ್ಕ ಎಲ್ಲರ ಹಿಂದಿನಿಂದ ಬಂದಳು. ಕಟ್ಟೆಯ ಮುಂದೆ ನಿಂತಳು. ಹಳೆಯ ಕಟ್ಟೆ ಅವಳ ಎದೆಗೆ ಬರುತ್ತಿತ್ತು. ಹೊಸದೂ ಎದೆಗೇ ಬಂತು. ಅವಳು ಬಗ್ಗಿ ನೋಡಿದಳು. ಮರದ ಮಣೆ ಇರಲಿಲ್ಲ. ಅದರ ಜಾಗದಲ್ಲಿ ಉಳಿದ ಅಮೃತಶಿಲೆಯ ತುಂಡಿನಿಂದ ಮಾಡಿಸಿದ, ಫಳಫಳ ಹೊಳೆಯುವ ಒಂದು ಕಲ್ಲಿನ ಮಣೆ ಇತ್ತು. ಅದರ ಮೇಲೂ ನರ ಹರಿದಿತ್ತು.

"ನಿನಗೇ ಅಂತ ಮಾಡಿಸ್ದೆ. ಮರದ್ದು ಈ ಕಲ್ಲಿನ ಮುಂದೆ ಒಪ್ತಿರ್ಲಿಲ್ಲ," ಅಂದರು ಭಾವ. ಅವರ ಮುಖದಲ್ಲಿ ನಿಜವಾದ ಪ್ರೀತಿ ಇತ್ತು. ನನ್ನ ರಕ್ತ ಕುದಿಯಿತು.

ಅಕ್ಕ ಆ ಬೆಟ್ಟವನ್ನು ನೋಡುತ್ತ ಮೆಲ್ಲಗೆ ಅಂದಳು, "ನನ್ನ ಭುಜದ ಎಕ್ಸ್-ರೇ ಇದ್ದ ಹಾಗೇ ಇದೆ." ಯಾರೋ ನಕ್ಕರು. ಅವಳು ನಗಲಿಲ್ಲ. ಮೇಸ್ತ್ರಿಯ ಕಡೆ ತಿರುಗಿ, "ಇದನ್ನ ತಗ್ಗಿಸೋಕಾಗುತ್ತಾ?" ಅಂತ ಕೇಳಿದಳು.

"ಆಗುತ್ತಮ್ಮ. ಆದ್ರೆ ಕಟ್ಟೆ ಇಳಿದ್ರೆ ಗೋಡೆ ಕಲ್ಲಿನ ಕೆಳಗೆ ಸಂದು ಬಿಡುತ್ತೆ. ಬೇರೆ ತುಂಡು ಸೇರಿಸ್ಬೇಕು. ಈ ನರ ಕೂಡಲ್ಲ."

"ನದಿ ತುಂಡಾಗುತ್ತೆ ಕಣೆ!" ಅಂದರು ಭಾವ. ಮನೆಗೆ ಬೆಂಕಿ ಬಿದ್ದಾಗಲೂ ಮನುಷ್ಯರು ಅಂಥ ದನಿ ತೆಗೆಯುವುದಿಲ್ಲ.

ಆಮೇಲೆ ಅಕ್ಕ ಕೇಳಿದ್ದು ಮೇಸ್ತ್ರಿಯನ್ನೇ. "ಅಲ್ಲಪ್ಪ, ಎತ್ತರಕ್ಕೆ ಅಳತೆ ಯಾರದ್ದು ತಗೊಂಡ್ರಿ?" ಮಾತಿನ ಮಲ್ಲನಿಗೆ ಅಷ್ಟೇ ಸಾಕಾಗಿತ್ತು. ಗೋಡೆಗೆ ಆನಿಸಿ ನಿಂತದ್ದು, ಮೊಣಕೈ ಮಡಚಿದ್ದು, ಗೀಟು ತಿದ್ದಿದ್ದು, ಎಲ್ಲವನ್ನೂ ಭಾವನ ದನಿಯಲ್ಲೇ ಆಡಿ ತೋರಿಸಿದ. ಕೊನೆಗೆ, "ನನ್ನ ಪದ್ಧತಿ ಒಂದೇ ಅಮ್ಮ. ಅಡುಗೆ ಮಾಡೋರ ಮೊಣಕೈಯೇ ಲೆಕ್ಕ," ಅಂದ. ನೆಂಟರು ಕಲ್ಲು ನೋಡುವುದನ್ನು ಬಿಟ್ಟು ಭಾವನನ್ನು ನೋಡಿದರು.

ಅಕ್ಕ ಸೌಟನ್ನು ತೆಗೆದುಕೊಂಡು ಭಾವನ ಕೈಯಲ್ಲಿಟ್ಟಳು. ಕಿರುಚಲಿಲ್ಲ, ಅಳಲಿಲ್ಲ.

"ಹಂಗಾದ್ರೆ ಸರಿಯಾಗೇ ಇದೆ. ನಿಮ್ಮ ಅಳತೆ, ನಿಮ್ಮ ಅಡುಗೆ. ಎಲ್ರಿಗೂ ಹಸಿವಾಗಿದೆ."

ಎಲ್ಲರೂ ತಮಾಷೆ ಅಂದುಕೊಂಡರು. ಭಾವನೂ ಹಲ್ಲು ಕಿರಿದರು. ಅಕ್ಕ ಮಾತ್ರ ಹೊರಗೆ ಹೋಗಿ ಜಗುಲಿಯಲ್ಲಿ ಕೂತುಬಿಟ್ಟಳು. ಆ ದಿನದ ಊಟ ಬೇಕರಿಯ ಬ್ರೆಡ್ಡಿನಲ್ಲಿ ಮುಗಿಯಿತು. ಮರುದಿನವೂ ಅವಳು ಒಳಗೆ ಹೋಗಲಿಲ್ಲ. ತನ್ನ ತಲೆಯ ಮೇಲೆ ತಾನೇ ಕಲ್ಲು ಚಪ್ಪಡಿ ಎಳೆದುಕೊಂಡವನ ಕಥೆ ಗಾದೆಯಲ್ಲಿ ಕೇಳಿದ್ದೆ; ಚಪ್ಪಡಿಯ ಜೊತೆ ಹಿಂದಿನ ಗೋಡೆಯ ಕಲ್ಲನ್ನೂ ಹೊಂದಿಸಿಕೊಂಡವರನ್ನು ಕಂಡದ್ದು ಇದೇ ಮೊದಲು.

ಭಾವ ಅಡುಗೆಗೆ ಇಳಿದರು. ಮೊದಮೊದಲು ನಿಂಬೆಹಣ್ಣು ಹಿಂಡಿದಲ್ಲೆಲ್ಲ ಅಮೃತಶಿಲೆಯ ಹೊಳಪು ಹೋಗಿ ಮಂಕು ಮಚ್ಚೆ ಬಿದ್ದವು. ಬೆಟ್ಟದ ಮೇಲೆ ಎಣ್ಣೆ ಸಿಡಿಯಿತು, ನದಿಗೆ ಟೊಮೇಟೊ ರಸ ಹರಿದು ಕೆಂಪಾಯಿತು. ಪ್ರತಿ ಕಲೆಗೂ ಅವರು ಒಂದು ಕಾರಣ ಹುಡುಕಿದರು: ಬೆಂಕಿ ಜೋರು, ಬಾಣಲೆ ತೆಳು, ಈರುಳ್ಳಿಯ ಜಾತಿಯೇ ಸರಿಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರಿಗೆ ಆ ಅನುಕೂಲವೂ ಇರಲಿಲ್ಲ. ನೆಲವನ್ನು ಇವರೇ ಸ್ಕೇಲು ಹಿಡಿದು ಮಟ್ಟ ಮಾಡಿಸಿದ್ದರು.

ಆದರೆ ನಿಧಾನವಾಗಿ ಕೈ ಕುದುರಿತು, ಅದನ್ನು ಒಪ್ಪಿಕೊಳ್ಳದಿದ್ದರೆ ನನ್ನ ನಾಲಿಗೆ ಬಿದ್ದೀತು. ಈರುಳ್ಳಿಯ ಚೂರುಗಳು ಅಳೆದು ಕತ್ತರಿಸಿದ ಹಾಗಿರುತ್ತಿದ್ದವು. ಬೆನ್ನು ನೇರವಾಗಿಟ್ಟು, ಮೊಣಕೈ ಆರಾಮಾಗಿ ಬಾಗಿಸಿ ನಿಂತು ಕೆಲಸ ಮಾಡುವುದನ್ನು ನೋಡಿದರೆ, ಮೇಸ್ತ್ರಿಯ ಪದ್ಧತಿ ಎಷ್ಟು ಸರಿ ಅನ್ನಿಸುತ್ತಿತ್ತು. ಅಕ್ಕ ಜಗುಲಿಯ ಡೆಸ್ಕಿನ ಮೇಲೆ ಕೈ ಊರಿ ಪೇಪರು ಓದುತ್ತಿದ್ದಳು. ಕಲ್ಲಿನ ಮಣೆ ಅವಳ ಕಾಲ ಕೆಳಗಿತ್ತು. ಬೇಸಗೆಯಲ್ಲಿ ಅದು ತಣ್ಣಗಿರುತ್ತದಂತೆ.

ಮೊನ್ನೆ ನಾನು ಹೋದಾಗ ಅದೇ ಮೇಸ್ತ್ರಿ ಬಂದು ಕೂತಿದ್ದ. ಭಾವ ಸೋತ ಮುಖದಲ್ಲಿ ಸ್ಕೇಲು ಹಿಡಿದು ನಿಂತಿದ್ದರು.

"ಕಟ್ಟೆ ಇಳಿಸ್ಬಿಡೋಣ. ನದಿ ತುಂಡಾದ್ರೆ ಆಗ್ಲಿ. ಬಾರೇ, ನೀನೇ ಬಂದು ನಿಂತ್ಕೋ, ನಿನ್ನ ಮೊಣಕೈ ಅಳತೆ ತಗೋತಾರೆ," ಅಂದರು.

ಅವರಿಂದ ಈ ಮಾತು ಬರಲು ಎಷ್ಟು ವರ್ಷ ಹಿಡಿಯಿತೆಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅಕ್ಕ ಎದ್ದು ಬಂದಳು. ಕಟ್ಟೆಯನ್ನು ನೋಡಿದಳು, ಬೆಟ್ಟವನ್ನು ನೋಡಿದಳು. ಆಮೇಲೆ ಎರಡು ಕೈಯನ್ನೂ ತಲೆಯ ಮೇಲಕ್ಕೆತ್ತಿ, ಬಿಚ್ಚಿದ್ದ ಕೂದಲನ್ನು ಒಟ್ಟುಮಾಡಿ, ಸರಾಗವಾಗಿ ತುರುಬು ಕಟ್ಟಿಕೊಂಡಳು.

"ಬೇಡ ಬಿಡಿ," ಅಂದಳು. "ಬೆಟ್ಟ ಚೆನ್ನಾಗಿದೆ, ಕತ್ತರಿಸ್ಬೇಡಿ. ಮೇಸ್ತ್ರಿ ಅಷ್ಟು ದೂರದಿಂದ ಬಂದಿದಾರೆ, ಪಾಪ. ಟೀ ಇಡಿ."