ಬೆಟ್ಟದ ಮೇಲೆ ಮಾಮನ ನಿದ್ದೆ

ಕಳೆದ ವಾರ ಕಾರಮಡೈ ದಾಟಿ ಬೆಟ್ಟದ ರಸ್ತೆ ಹಿಡಿದಿದ್ದೆ. ನನ್ನ ಸ್ಕೂಟರ್ ಹೊಸದು, ಸದ್ದು ಕಡಿಮೆ, ಹೊಗೆ ಇಲ್ಲವೆಂದೇ ಹೇಳಬೇಕು. ಒಂದು ತಿರುವಿನಲ್ಲಿ ಬಾಳೆಗೊನೆ ಕಟ್ಟಿಕೊಂಡಿದ್ದ ಹಳೆಯ ಟೂ ಸ್ಟ್ರೋಕ್ ಬೈಕೊಂದು ನನ್ನನ್ನು ಹಿಂದೆ ಹಾಕಿ ಹೋಯಿತು. ಅದು ಮರೆಯಾದ ಮೇಲೂ ನೀಲಿ ಹೊಗೆ ತಿರುವಿನಲ್ಲೇ ನಿಂತಿತ್ತು. ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ ಸುಟ್ಟ ವಾಸನೆ... ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಎದೆ ತುಂಬ ಎಳೆದುಕೊಂಡೆ. ಅದರ ಜೊತೆಗೆ ಗಂಜಿ ಹಾಕಿದ ಹೊಸ ಸೀರೆಯ ವಾಸನೆಯೂ ಇಷ್ಟು ಸೇರಿದ್ದರೆ, ನಮ್ಮ ಎದುರುಮನೆ ಮಾಮ ಪಕ್ಕದಲ್ಲೇ ನಿಂತ ಹಾಗೆ ಆಗುತ್ತಿತ್ತು.

ಸೂಲೂರಿನ ಹತ್ತಿರ ನಮ್ಮದು ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡದ ಮಾತು ಇತ್ತೇ ಹೊರತು ಅಕ್ಷರ ಯಾರಿಗೂ ಗೊತ್ತಿರಲಿಲ್ಲ. ನಾನು ಬರೆಯಲು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ, ಹಠಕ್ಕೆ ಬಿದ್ದು. ಆಗ ಮನೆಮನೆಯಲ್ಲೂ ಕೈಮಗ್ಗ. ಮಾಮನ ಮನೆಯಲ್ಲೂ ಇತ್ತು, ಆದರೆ ಅವರ ಕಾಲು ಮಗ್ಗದ ಗುಂಡಿಯಲ್ಲಿ ನಿಲ್ಲುತ್ತಿರಲಿಲ್ಲ. ಬೀದಿಯವರು ನೆಯ್ದ ಸೀರೆಗಳನ್ನು ಗಂಟು ಕಟ್ಟಿ, ಬೈಕಿನ ಹಿಂದೆ ಏರಿಸಿ, ಗಾಂಧಿಪುರಂ ಅಂಗಡಿಗಳಿಗೆ ತಲುಪಿಸುವುದು, ಬರುವಾಗ ನೂಲು ತರುವುದು, ಇದು ಅವರ ಕೆಲಸ. ಬೀದಿಯಲ್ಲಿ ಬೈಕು ಇದ್ದದ್ದು ಅವರಿಗೊಬ್ಬರಿಗೇ.

ಅವರಿಗೆ ಇನ್ನೊಂದು ಕೆಲಸವೂ ಇತ್ತು. ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಒಬ್ಬರು ಹೋಗಿ ಗಂಡಿನ ಮನೆ ನೋಡಿಕೊಂಡು ಬರಬೇಕು. ಹೆತ್ತವರು ಹೋಗುವಂತಿಲ್ಲ, ಅವರ ಕಣ್ಣಿಗೆ ಆಸೆ ಅಡ್ಡ ಬರುತ್ತದೆ ಎನ್ನುತ್ತಿದ್ದರು. ಹೋದವರು ಅಲ್ಲಿ ಊಟ ಮಾಡಬೇಕು, ಊಟವಾದ ಮೇಲೆ ಒಂದು ನಿದ್ದೆ ಮಾಡಬೇಕು. ಗೊತ್ತಿಲ್ಲದ ಮನೆಯಲ್ಲಿ ಸುಳ್ಳು ನಗು ನಗಬಹುದು, ಸುಳ್ಳು ನಿದ್ದೆ ಬರುವುದಿಲ್ಲ... ಇದು ನಮ್ಮ ಅಜ್ಜಿಯರ ಲೆಕ್ಕ. ತಿರುಗಿ ಬಂದವರಿಗೆ ಆ ಮನೆ ಹಿಡಿಸಿದ್ದರೆ ಹುಡುಗಿಯ ಬಾಗಿಲಿಗೆ ಬಂದು ಕುಡಿಯಲು ನೀರು ಕೇಳುತ್ತಾರೆ. ಹಿಡಿಸದಿದ್ದರೆ ನೇರ ತಮ್ಮ ಮನೆಗೆ ಹೋಗಿಬಿಡುತ್ತಾರೆ. ಯಾಕೆ ಏನು ಎಂದು ಯಾರೂ ಕೇಳುವಂತಿಲ್ಲ. ನಮ್ಮ ಬೀದಿಗೆ ಹಾಗೆ ಹೋಗಿ ಬರುತ್ತಿದ್ದವರು ಮಾಮ.

ನಾನು ಆ ಬೀದಿಯ ಮೊದಲ ಪದವೀಧರೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆಳಿಗ್ಗೆ ಎದ್ದು ಅಪ್ಪನ ಮಗ್ಗಕ್ಕೆ ನೂಲು ಸುತ್ತಿಕೊಟ್ಟು, ಆಮೇಲೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಓದಿದವಳು. ಬಿಎಸ್ಸಿ ಮುಗಿಸಿ, ಬಿಎಡ್ ಮುಗಿಸಿದೆ. ಕೆಲಸ ಸಿಕ್ಕಿದ್ದು ಆನೈಕಟ್ಟಿಯಿಂದಲೂ ಒಳಗೆ, ಬೆಟ್ಟದ ಹಳ್ಳಿಯೊಂದರ ಶಾಲೆಯಲ್ಲಿ. ಬೆಟ್ಟದ ಮಕ್ಕಳು ಅಲ್ಲೇ ಉಳಿದು ಓದುವ ಶಾಲೆ, ಟೀಚರೂ ಅಲ್ಲೇ ಇರಬೇಕು. ಬರುತ್ತೇನೋ ಇಲ್ಲವೋ ಎಂದು ಆ ವಾರದೊಳಗೆ ತಿಳಿಸಬೇಕಿತ್ತು.

ಅಪ್ಪ ಬೇಡ ಎಂದರು. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಆಫೀಸಿನೊಳಗೆ ಕೂರುವ ಕೆಲಸ ಹೇಳಿಟ್ಟಿದ್ದರು. ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ನಾನು ಓದಿದ್ದು ಪಾಠ ಹೇಳಲು ಎಂದರೆ, ಆನೆ ಓಡಾಡುವ ಕಾಡಿಗೆ, ಕಣ್ಣಿಂದ ನೋಡದ ಜಾಗಕ್ಕೆ ಹೆಣ್ಣು ಮಗಳನ್ನು ಕಳಿಸುವುದಿಲ್ಲ ಎಂದು ಲಾಳಿ ಎಸೆಯುತ್ತಲೇ ಹೇಳಿದರು. ಅಮ್ಮ ಹೆಚ್ಚು ಮಾತಾಡುವವಳಲ್ಲ. ಅಂದು ಮಾತ್ರ, "ನೋಡ್ದೇ ಇರೋದ್ ತಾನೇ ಕಷ್ಟ? ನೋಡ್ಕಂಡು ಬಂದ್ರಾಯ್ತು" ಎಂದು ಸೆರಗು ಸಿಕ್ಕಿಸಿಕೊಂಡು ಬೀದಿ ದಾಟಿದಳು.

ಮಾಮ ಹಲ್ಲುಜ್ಜುತ್ತಾ ಜಗಲಿಯ ಮೇಲೆ ನಿಂತಿದ್ದರು. ಅಮ್ಮ ಹೇಳಿದ್ದನ್ನೆಲ್ಲ ಕೇಳಿ, ಬಾಯಿ ಮುಕ್ಕಳಿಸಿ, "ಮನೆ ನೋಡ್ತೀನಿ, ಸೆರಿ. ಮಾಪ್ಳೆ ಯಾರು, ಆನೆಯಾ?" ಎಂದರು. ಆನೆಯನ್ನೇ ಮದುವೆ ಗಂಡು ಮಾಡಿದ್ದಕ್ಕೆ ಒಳಗಿಂದ ಅವರ ಹೆಂಡತಿ, ನಮ್ಮ ಅತ್ತೆ, ನಕ್ಕದ್ದು ನಮ್ಮ ಮನೆಗೂ ಕೇಳಿಸಿತು. ಅಪ್ಪ ನಗಲಿಲ್ಲ. ಆದರೆ ಮಾಮ ಸರಿ ಅಂದರೆ ತನಗೂ ಸರಿ ಎಂದು ಒಪ್ಪಿಕೊಂಡರು.

ಹೊರಟದ್ದು ಅಮಾವಾಸ್ಯೆಯ ದಿನ. ಅಂದು ಮಗ್ಗ ಮುಟ್ಟುವುದಿಲ್ಲ, ಬೀದಿಗೆಲ್ಲ ರಜೆ, ಮಾಮನಿಗೂ ಬಿಡುವು. ಕರ್ನಾಟಕದವರು ಅಮಾವಾಸ್ಯೆಗೆ ಹೆದರುತ್ತಾರಂತೆ. ತಮಿಳರ ನಡುವೆ ಇದ್ದು ಇದ್ದು ನಮಗೆ ಅದು ಒಳ್ಳೆಯ ದಿನವಾಗಿಬಿಟ್ಟಿದೆ. ಸೀರೆ ಗಂಟು ಕೂರುವ ಜಾಗದಲ್ಲಿ ನಾನು ಕೂತೆ. ಅತ್ತೆ ಒಂದು ಹಳದಿ ಚೀಲವನ್ನು ನನ್ನ ತೊಡೆಯ ಮೇಲಿಟ್ಟರು: ವೀಳ್ಯದೆಲೆ, ಬಾಳೆಹಣ್ಣು, ತೆಂಗಿನಕಾಯಿ. ಶಾಲೆಗೆ ಇದೆಲ್ಲ ಯಾಕೆ ಎಂದು ನನಗೆ ನಾಚಿಕೆ. ಬರಿಗೈಯಲ್ಲಿ ಮನೆ ನೋಡಲು ಹೋಗುವುದಿಲ್ಲ ಎಂದು ಮಾಮ ಕಿಕ್ ಹೊಡೆದರು.

ಸಿಂಗಾನಲ್ಲೂರು, ಗಾಂಧಿಪುರಂ, ತಡಾಗಂ... ಇಟ್ಟಿಗೆ ಗೂಡುಗಳ ಕೆಂಪು ಧೂಳು ದಾಟಿದ ಮೇಲೆ ಗಾಳಿಯೇ ಬೇರೆ ಆಯಿತು. ಮಾಂಗರೈ ಚೆಕ್‌ಪೋಸ್ಟಿನವನು ಎಲ್ಲಿಗೆ ಎಂದು ಕೇಳಿದ. ಮನೆ ನೋಡುವುದಕ್ಕೆ ಎಂದು ಮಾಮ ಹೇಳಿದರು. ಅವನು ನನ್ನ ಮುಖ ನೋಡಿ, ಚೀಲ ನೋಡಿ, ಒಳ್ಳೆಯದಾಗಲಿ ಎಂದು ಕಳಿಸಿಕೊಟ್ಟ. ಏರಿನಲ್ಲಿ ಗಾಡಿ ಕಾಯ್ದು ನಿಂತುಬಿಟ್ಟಿತು. ಮಾಮ ಒಂದು ಬಂಡೆಯ ಮೇಲೆ ಕೂತು, ಗಾಡಿ ತಣ್ಣಗಾಗುವವರೆಗೆ ಚೀಲದ ಬಾಳೆಹಣ್ಣು ಒಂದನ್ನು ಸುಲಿದು ತಿಂದರು. ನನಗೂ ಒಂದು ಕೊಟ್ಟರು. ಅಲ್ಲಿ ಕೊಡಲು ಕಡಿಮೆಯಾಗುತ್ತದಲ್ಲ ಎಂದೆ. "ನೀ ಉಪಾಸ ಹೋಗಿ ನಿಂತ್ರೆ ಅದಕ್ಕಿಂತ ಕಡ್ಮೆ ಆಯ್ತದೆ, ತಿನ್ನು ಕಣ್ಣು" ಎಂದರು. ಮುದ್ದಿಗೆ ನಮ್ಮ ಬೀದಿಯ ಮಕ್ಕಳೆಲ್ಲ ತಮಿಳರ ಹಾಗೆ 'ಕಣ್ಣು'.

ಹೆಂಚಿನ ಉದ್ದ ಕಟ್ಟಡ, ಮುಂದೆ ಹಲಸಿನ ಮರ, ಹಿಂದೆ ಬೆಟ್ಟ. ಅದೇ ಶಾಲೆ. ದಪ್ಪ ಕನ್ನಡಕದ ಹೆಡ್‌ಮಿಸ್ ಹೊರಗೆ ಬರುವಷ್ಟರಲ್ಲಿ ಮಾಮ ಅಡುಗೆಮನೆಯಿಂದ ಒಂದು ತಟ್ಟೆ ಕೇಳಿ ಪಡೆದು, ಎಲೆ, ಹಣ್ಣು, ಕಾಯಿ ಜೋಡಿಸಿ ಮೇಜಿನ ಮೇಲೆ ಇಟ್ಟಿದ್ದರು. ಹೆಡ್‌ಮಿಸ್ ತಮಿಳಿನಲ್ಲಿ, ಇದು ಯಾರಿಗೆ, ಇಲ್ಲಿ ಮದುವೆಗಿರುವ ಗಂಡು ಯಾರೂ ಇಲ್ಲವಲ್ಲ ಎಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಾಮ ಕೈ ಮುಗಿದು, ಹುಡುಗಿ ನಮ್ಮವಳು, ಮನೆ ನಿಮ್ಮದು, ನೋಡಿಕೊಂಡು ಹೋಗಲು ಬಂದಿದ್ದೇನೆ ಎಂದರು. ಆಕೆ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಹಾಗಾದರೆ ಚೆನ್ನಾಗಿ ನೋಡಿ ಎಂದು ಬೀಗದ ಕೈ ಗೊಂಚಲನ್ನೇ ಅವರ ಕೈಗೆ ಕೊಟ್ಟರು.

ಅವರು ನೋಡಿದ ರೀತಿ! ಅನ್ನದ ಹಂಡೆಯ ಮುಚ್ಚಳ ತೆಗೆದು ನೋಡಿದರು. ಕೊಳಾಯಿಯ ನೀರು ಕುಡಿದು ಬಾಯಿ ಚಪ್ಪರಿಸಿದರು. ನಾನಿರಬೇಕಾದ ಕೋಣೆಯ ಅಗುಳಿಯನ್ನು ಒಳಗಿಂದ ಹಾಕಿ, ನನ್ನನ್ನು ಹೊರಗಿಂದ ತಳ್ಳಲು ಹೇಳಿದರು. ಅಡುಗೆಯ ಆಯಾಳನ್ನು ಕೂರಿಸಿಕೊಂಡು, ಜ್ವರ ಬಂದರೆ ಯಾರು ಕರೆದುಕೊಂಡು ಹೋಗುತ್ತಾರೆ, ಹೆಡ್‌ಮಿಸ್ ಬೈದರೆ ಎಷ್ಟು ಹೊತ್ತು ಬೈಯುತ್ತಾರೆ ಎಂದೆಲ್ಲ ಕೇಳಿದರು. ಆಯಾ ಸುಳ್ಳು ಹೇಳುವವಳಾಗಿರಲಿಲ್ಲ. ಹಲಸು ಹಣ್ಣಾಗುವ ಕಾಲಕ್ಕೆ ಆನೆ ಅಂಗಳಕ್ಕೇ ಬರುತ್ತದೆ, ಹಿಂದಿನ ವರ್ಷ ಹಿತ್ತಿಲ ಗೋಡೆ ಕೆಡವಿತು ಎಂದಳು. ಮಾಮ ಹೂಂ ಎಂದರು, ಅಷ್ಟೇ. ನನ್ನ ಕೆಲಸ ಆ ಗೋಡೆಯ ಜೊತೆಗೇ ಬಿದ್ದ ಹಾಗಾಯಿತು.

ಮಕ್ಕಳ ಜೊತೆ ಕೂತು ಅನ್ನ, ಸೊಪ್ಪಿನ ಸಾಂಬಾರು ಉಂಡರು. ಮತ್ತೆ ಬಡಿಸಿಕೊಂಡು ಉಂಡರು. ಆಮೇಲೆ ಆ ಕೋಣೆಯಲ್ಲಿ ಚಾಪೆ ಹಾಸಿ, ಟವೆಲ್ ಮುಖದ ಮೇಲೆ ಎಳೆದುಕೊಂಡು ಮಲಗಿಬಿಟ್ಟರು. ನಾನು ಜಗಲಿಯ ಮೇಲೆ ಒದ್ದಾಡುತ್ತಿದ್ದೆ. ಬಿಸಿಲು ಇಳಿಯುವುದರೊಳಗೆ ಕಾಡು ದಾಟಬೇಕು, ಇವರು ನೋಡಿದರೆ ಗೊರಕೆ... ಹೆಡ್‌ಮಿಸ್ ಬಂದು, ಸುಮ್ಮನೆ ಕೂರುವ ಬದಲು ಒಳಗೆ ಹೋಗು ಎಂದು ಸೀಮೆಸುಣ್ಣ ಕೈಗಿತ್ತರು.

ಮಕ್ಕಳಿಗೆ ಭಿನ್ನರಾಶಿ ತಲೆಗೆ ಹೋಗಿರಲಿಲ್ಲ. ನಾನು ನನ್ನ ದುಪಟ್ಟಾ ಬಿಚ್ಚಿ ಮಡಿಸಿ ತೋರಿಸಿದೆ: ಅರ್ಧ, ಅರ್ಧದ ಅರ್ಧ. ಹಿಂದಿನ ಬೆಂಚಿನಲ್ಲಿದ್ದ ಚಿಕ್ಕ ಹುಡುಗಿ ಎದ್ದು ಬಂದು, ತಾನೇ ಇನ್ನೊಂದು ಸಲ ಮಡಿಸಿ, ಅದರ ಹೆಸರೇನು ಎಂದು ಕೇಳಿದಳು. ಬಸ್ಸಿನಲ್ಲಿ ನಿಂತು ಓದಿದ ವರ್ಷಗಳೆಲ್ಲ ಈ ಪ್ರಶ್ನೆಗಾಗಿಯೇ ಇದ್ದವು ಅನ್ನಿಸಿತು. ಅಲ್ಲಿಯವರೆಗೆ ಕೆಲಸ ಬೇಕಿತ್ತು. ಆ ಮೇಲೆ ಆ ಕೆಲಸವೇ ಬೇಕು ಎನ್ನುವಂತಾಯಿತು. ಮಾಮ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು, ಕೆನ್ನೆಯ ಮೇಲೆ ಚಾಪೆಯ ಗೆರೆ. 

ಇಳಿಯುವಾಗ ಮಾಂಗರೈಗೆ ಮುಂಚೆ ಅರಣ್ಯದವರು ಗಾಡಿಗಳನ್ನೆಲ್ಲ ನಿಲ್ಲಿಸಿದರು. ಆನೆಗಳು ದಾಟುತ್ತಿದ್ದವು. ದೊಡ್ಡವುಗಳ ಕಾಲುಗಳ ನಡುವೆ ಮರಿಯೊಂದು, ಆತುರವಿಲ್ಲದೆ, ರಸ್ತೆ ತನ್ನದೇ ಎನ್ನುವ ಹಾಗೆ. ಮಾಮನ ಕಣ್ಣೆದುರು ದಾಟಲು ಇವಕ್ಕೆ ಇವತ್ತೇ ಬೇಕಾಗಿತ್ತೇ ಎಂದುಕೊಂಡೆ.

"ಬಯ ಆಯ್ತಾ?" ಎಂದು ಮಾಮ ಕೇಳಿದರು.

ಇಲ್ಲ ಎಂದೆ.

"ನಂಗಾಯ್ತು."



ಬೀದಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಅಪ್ಪ ನಮ್ಮ ಬಾಗಿಲಲ್ಲೇ ಕೂತಿದ್ದರು, ಅಮ್ಮ ಹಿಂದೆ ನಿಂತಿದ್ದಳು. ಮಾಮ ಗಾಡಿ ನಿಲ್ಲಿಸಿ, ನಾನು ಇಳಿಯುವವರೆಗೆ ಕಾದು, ಅಪ್ಪನ ಕಡೆ ತಲೆ ಎತ್ತದೆ ಬೀದಿ ದಾಟಿ ತಮ್ಮ ಮನೆಗೆ ಹೋಗಿಬಿಟ್ಟರು.

ಅಷ್ಟೇ. ಮುಗಿಯಿತು. ಕೇಳುವಂತಿಲ್ಲ. ನಾನು ಒಳಗೆ ಹೋಗಿ ಮಗ್ಗದ ಪಕ್ಕ ನೆಲದ ಮೇಲೆ ಕೂತೆ. ತಿರುಪ್ಪೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಬೇಕು ಎಂದುಕೊಂಡೆ. ಅಮ್ಮ ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ. "ಇರು," ಎಂದಳು ನನ್ನ ಕಡೆ ತಿರುಗದೆ. "ಅವ್ರು ಇನ್ನೂ ಬಾಗ್ಲು ಹಾಕಿಲ್ಲ."

ಸ್ವಲ್ಪ ಹೊತ್ತಿಗೆ ಮಾಮ ಕಾಣಿಸಿಕೊಂಡರು. ಮುಖ ತೊಳೆದು, ಬಿಳಿ ಅಂಗಿ ಹಾಕಿಕೊಂಡಿದ್ದರು. ಒಂದು ಹೆಜ್ಜೆ ಹಿಂದೆ ಅತ್ತೆ, ತಲೆಗೆ ಹೂವು ಮುಡಿದು, ಕೈಯಲ್ಲಿ ಕುಂಕುಮದ ಬಟ್ಟಲು ಹಿಡಿದು. ಬೇಡ ಎನ್ನುವುದಕ್ಕೆ ಒಬ್ಬ ಗಂಡಸಿನ ಮೌನ ಸಾಕು; ಸರಿ ಎನ್ನುವ ಮಾತನ್ನು ಗಂಡ ಹೆಂಡತಿ ಸೇರಿಯೇ ಹೇಳಬೇಕು. ಅದು ನನಗೆ ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು.

"ಕುಡಿಯೋಕ್ ನೀರ್ ಕೊಡಿ" ಎಂದರು ಮಾಮ.

ಅಮ್ಮ ಓಡಿದಳು. ಅಪ್ಪ ಎದ್ದು ನಿಂತು ಆನೆಯ ವಿಷಯ ಕೇಳಿದರು. ಮಾಮ ಮುಚ್ಚಿಡಲಿಲ್ಲ. "ಐತೆ ಬಾವ. ಗೋಡೆ ಬೀಳ್ಸೈತೆ. ದಾರೀಲಿ ನಾನೇ ನೋಡ್ದೆ, ಬಯ ಆಯ್ತು." ನೀರು ಕುಡಿದು, ಚೊಂಬು ಕೆಳಗಿಟ್ಟು ಮುಂದುವರಿಸಿದರು: "ಆದ್ರೂ ಆ ಕೋಣೇಲಿ ನಂಗೆ ನಿದ್ದೆ ಬಂತು. ನಮ್ಮನೇಲೂ ಅಂಗೆ ಬರಲ್ಲ. ಕೇಳು ನಿನ್ ಮಗಳ್ನ, ಗೊರ್ಕೆ ಹೊಡ್ದೆ."

ನಾನು ಹೌದು ಎಂದೆ. ಅಪ್ಪ ಮಗ್ಗದ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಏವತ್ತು ಸೇರ್ಬೇಕು?" ಎಂದು ಕೇಳಿದರು. ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗೆ... ಅತ್ತೆ ಹಣೆಗೆ ಕುಂಕುಮ ಇಡುವಾಗ ನಾನು ಅತ್ತದ್ದಕ್ಕೆ, ಮದುವಣಗಿತ್ತಿ ಬೇಗ ಅತ್ತಳು ಎಂದು ಮಾಮ ಛೇಡಿಸಿದರು.

ಆ ಶಾಲೆಯಲ್ಲೇ ಇಷ್ಟು ವರ್ಷ ಕಳೆದೆ; ಮದುವೆಯಾದ ಮೇಲೂ ರಜೆ ಬಂದರೆ ಗಂಡನ ಜೊತೆ ಈ ಬೀದಿಗೇ ಬರುತ್ತೇನೆ. ಕೆಲವು ಅಮಾವಾಸ್ಯೆಗಳಲ್ಲಿ ಮಾಮ ಬೈಕಿನಲ್ಲಿ ಬರುತ್ತಿದ್ದರು. ಅತ್ತೆ ಕರಿದು ಕೊಟ್ಟ ಮುರುಕು ಕೈಗಿಟ್ಟು, ಹಲಸಿನ ಮರದ ಕೆಳಗೆ ಮಲಗಿ ಎದ್ದು, ಟೀ ಕುಡಿದು ಹೋಗುತ್ತಿದ್ದರು. ಬರುಬರುತ್ತಾ ಅದು ಕಡಿಮೆಯಾಯಿತು. ಅವರು ತೀರಿಕೊಂಡ ದಿನ ಬೀದಿಯ ಮಗ್ಗಗಳೆಲ್ಲ ನಿಂತವು. ಆಮೇಲೆ ಒಂದೊಂದಾಗಿ, ಯಾರೂ ಸಾಯದೆಯೇ, ಅವು ಪೂರ್ತಿ ನಿಂತುಹೋದವು.

ಕಳೆದ ವಾರ ನಾನು ಬೆಟ್ಟ ಹತ್ತಿದ್ದು ಯಾಕೆಂದರೆ, ನಮ್ಮ ಬೀದಿಯ ಹುಡುಗಿಯೊಬ್ಬಳು ನರ್ಸ್ ಓದಿ ಮುಗಿಸಿದ್ದಾಳೆ. ಅಲ್ಲಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸ, ಅಲ್ಲೇ ಇರಬೇಕು. ಅವಳ ಅಪ್ಪ ಬಂದು, "ನೀವೊಂದ್ಸಲ ನೋಡ್ಕಂಡ್ ಬನ್ನಿ ಟೀಚರಮ್ಮ" ಎಂದು ಕೇಳಿದ್ದ. ಹೋದೆ. ನೀರು ಕುಡಿದೆ, ಅಗುಳಿ ಹಾಕಿ ನೋಡಿದೆ, ಅಲ್ಲಿಯವರು ಕೊಟ್ಟ ಊಟ ಮಾಡಿದೆ. ಅವಳಿರಬೇಕಾದ ಕೋಣೆಯಲ್ಲಿ ಚಾಪೆ ಹಾಸಿ ಮಲಗಿದೆ. ದಾರಿಯ ಆ ಹೊಗೆಯ ವಾಸನೆ ದುಪಟ್ಟಾದಲ್ಲಿ ಇನ್ನೂ ಇತ್ತೇನೋ, ಮೊದಲು ನಿದ್ದೆ ಬರಲಿಲ್ಲ. ಆಮೇಲೆ ಬಂತು. ಎದ್ದು ಕನ್ನಡಿ ನೋಡಿದರೆ ಕೆನ್ನೆಯ ಮೇಲೆ ಚಾಪೆಯ ಗೆರೆ.

ಊರಿಗೆ ಬಂದಾಗ ಹುಡುಗಿ ತಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನ ಗಂಡ ಮನೆಯಲ್ಲೇ ಇದ್ದರು, ಕರೆದರೆ ಜೊತೆಗೆ ನೀರು ಕೇಳಲು ಬರುತ್ತಿದ್ದರು. ಆದರೆ ನನ್ನ ಕಾಲು ಎದುರುಮನೆಗೆ ಹೋಯಿತು. ಅತ್ತೆ ಈಗ ಒಳ್ಳೆಯ ಕೆಲಸಗಳಿಗೆ ಯಾರ ಮನೆಗೂ ಹೋಗುವುದಿಲ್ಲ. ವಿಷಯ ಹೇಳಿದೆ. ಬೋಳು ಹಣೆ ಮುಟ್ಟಿಕೊಂಡು, "ಅವ್ರಿಲ್ದೆ ನಾ ಎಂಗ್ ಬರ್ಲಿ ಕಣ್ಣು" ಎಂದರು. ಬನ್ನಿ ಅತ್ತೆ ಎಂದೆ.   ಅತ್ತೆ ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದರು.

ಬೀದಿ ದಾಟುವಾಗ ನಾನು ಜೊತೆಗೆ ನಡೆಯಲೆಂದು ನಿಂತರೆ ಅವರೂ ನಿಂತರು. ಒಂದು ಹೆಜ್ಜೆ ಹಿಂದೆಯೇ ಬಂದರು, ಅಭ್ಯಾಸ. ನಾನು ಪಕ್ಕಕ್ಕೆ ಸರಿದು ನಡೆದೆ. ಮಾಮ ನಡೆಯುತ್ತಿದ್ದ ಮುಂದಿನ ಆ ಜಾಗ ಖಾಲಿಯೇ ಇತ್ತು.

ಹುಡುಗಿಯ ಬಾಗಿಲಲ್ಲಿ ನೀರು ಕೇಳಿದವರು ಅತ್ತೆಯೇ.