ಮಳವಳ್ಳಿಗೆ ಹೋಗಿಬರಲು ಒಂದು ಮೂಟೆ ಇದ್ದಿಲು

ಗಾಡಿ ಲೀಟರಿಗೆ ಎಷ್ಟು ಕೊಡುತ್ತದೆ ಎಂದು ನೀವು ಮಾತಾಡಿಕೊಳ್ಳುವಾಗ ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ಹೇಳಿದಷ್ಟು ಯಾವ ಗಾಡಿಯೂ ಓಡುವುದಿಲ್ಲ ಎಂಬುದು ಮದುವೆಯಾದ ಎರಡನೇ ವರ್ಷವೇ ನನಗೆ ತಿಳಿದಿತ್ತು. ನಾಲ್ಕು ಜನರ ಮುಂದೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ಎರಡನೇ ಮಹಾಯುದ್ಧದ ಕಾಲ. ನಿಮ್ಮ ತಾತ ಮಂಡ್ಯದ ಕಬ್ಬಿಣದ ಸಾಹುಕಾರರೊಬ್ಬರ ವ್ಯಾನು ಓಡಿಸುತ್ತಿದ್ದರು. ನೇಗಿಲ ಗುಳ, ಗುದ್ದಲಿ, ಕುಡುಗೋಲು ತುಂಬಿಕೊಂಡು ಕೊಪ್ಪ, ಮದ್ದೂರು, ಮಳವಳ್ಳಿ ಎಂದು ಸಂತೆಯಿಂದ ಸಂತೆಗೆ ಹೋಗಬೇಕು. ವಾರಗಟ್ಟಲೆ ಊರಿಗೆ ಬರಲಾಗದೆ ನನ್ನನ್ನೂ ಜೊತೆಗೆ ಕರೆದುಕೊಂಡರು. ಗುಳಗಳ ಪಕ್ಕ ಒಂದು ಚಾಪೆಯಗಲ ಜಾಗ, ಅದೇ ಮನೆ. ಹೊರಗೆ ಮೂರು ಕಲ್ಲಿಟ್ಟರೆ ಒಲೆ.

ಪೆಟ್ರೋಲು ಸಿಗದಂತಾದಾಗ ಮದ್ದೂರಿನ ಮೇಸ್ತ್ರಿ ಸಾಬರು ವ್ಯಾನಿನ ಬೆನ್ನಿಗೆ ಹಂಡೆಯಂಥ ದೊಡ್ಡ ಡ್ರಮ್ಮು ಕೂರಿಸಿದರು. ಅದರಲ್ಲಿ ಇದ್ದಿಲು ಉರಿದು ಬರುವ ಗ್ಯಾಸಿನಿಂದ ಇಂಜಿನು ಓಡುತ್ತಿತ್ತು. ಮದ್ದೂರಿನಿಂದ ಮಳವಳ್ಳಿಗೆ ಹೋಗಿಬರಲು ಒಂದು ಮೂಟೆ ಸಾಕು ಎಂದರು ಸಾಬರು. ಸಾಹುಕಾರರು ಅಷ್ಟೇ ಕೊಟ್ಟರು. ಮೊದಲೆರಡು ಸಲ ಹೊರೆ ಕಡಿಮೆಯಿತ್ತು, ಹೇಗೋ ಆಯಿತು.

ಇದ್ದಿಲು ಒಡೆಯುವುದು ನನ್ನ ಪಾಲಿನ ಕೆಲಸ. ನಿಂಬೆಹಣ್ಣಿನ ಗಾತ್ರಕ್ಕೆ ಒಡೆದು, ಜರಡಿ ಹಿಡಿದು ಮತ್ತೆ ಮೂಟೆಗೆ ತುಂಬಬೇಕು. ಕರಿ ಧೂಳು ಚಾಪೆಯ ಮೇಲೆ, ರಾಗಿ ಹಿಟ್ಟಿನ ಮೇಲೆ, ಗಂಟಲೊಳಗೆ. ತೋಳು ಬಿದ್ದುಹೋಗುತ್ತಿತ್ತು. ಅಂಗಳ ಗುಡಿಸುವ ಮುಂಚೆ ಧೂಳೇಳದಂತೆ ನೀರು ಚಿಮುಕಿಸುತ್ತೇವಲ್ಲ, ಹಾಗೇ ಇದ್ದಿಲಿಗೂ ಎರಡು ಮೂರು ಚೊಂಬು ನೀರು ಹಾಕತೊಡಗಿದೆ. ಧೂಳು ಅಡಗಿತು. ಯಾರಿಗೂ ಹೇಳಲಿಲ್ಲ, ಹೇಳುವಂಥದ್ದು ಅನ್ನಿಸಲೂ ಇಲ್ಲ.

ಆಮೇಲೆ ಮೂರು ಸಲ ಇದ್ದಿಲು ಮುಗಿದು ವ್ಯಾನು ದಾರಿಯಲ್ಲೇ ನಿಂತಿತು. ಎತ್ತು ಕಟ್ಟಿ ಎಳೆಸಬೇಕಾಯಿತು. ಸಾಹುಕಾರರ ಕಿವಿಗೆ ಬಿದ್ದು, ಇವನು ಹಳ್ಳಿಯ ಕುಲುಮೆಗಳಿಗೆ ಇದ್ದಿಲು ಮಾರಿಕೊಳ್ಳುತ್ತಾನೆ ಎಂದರಂತೆ. ಇನ್ನೊಮ್ಮೆ ನಿಂತರೆ ಕೀಲಿ ಕೊಟ್ಟು ಮಿಲಿಟರಿಗೆ ಸೇರಿಕೋ ಎಂದೂ ಹೇಳಿದರಂತೆ. ಡ್ರೈವರುಗಳನ್ನು ಮಿಲಿಟರಿಯವರು ಕೈಬೀಸಿ ಕರೆಯುತ್ತಿದ್ದ ಕಾಲ ಅದು. ನಮ್ಮ ಆತಗೂರಿನಿಂದ ಹೋದ ಇಬ್ಬರ ಕಾಗದವೇ ಇರಲಿಲ್ಲ. ಅವತ್ತು ನಿಮ್ಮ ತಾತ ಉಣ್ಣಲಿಲ್ಲ.

ಮಾರನೆಯ ಬೆಳಗ್ಗೆ ಸಾಹುಕಾರರೇ ಮದ್ದೂರಿನ ಸಾಬರ ಶೆಡ್ಡಿಗೆ ಬಂದರು. ಸಾಬರು ಮೂಟೆಗೆ ಕೈ ಹಾಕಿ ಒಂದು ತುಂಡನ್ನು ಕೆನ್ನೆಗೆ ಒತ್ತಿ ನೋಡಿದರು.

"ಇದ್ರಲ್ಲಿ ತ್ಯಾವ ಅದೆಯಲ್ಲಪ್ಪ."

ನಿಮ್ಮ ತಾತ ತಾವೂ ಒಂದು ತುಂಡು ಎತ್ತಿ ನೋಡಿದರು. ಸಾಹುಕಾರರು ನಕ್ಕರು. "ಕದ್ದು ಮಾರ್ಕಂಡು, ತೂಕಕ್ಕೆ ನೀರು ಉಯ್ದವ್ನೆ ಕಣ್ ಸಾಬ್ರೆ."

ಅಲ್ಲಿಯವರೆಗೆ ನಾನು ಅವರೆದುರು ನಿಂತವಳೇ ಅಲ್ಲ. ವ್ಯಾನಿನ ಹಿಂದಿನಿಂದಲೇ ಹೇಳಿದೆ. "ಅವರಲ್ಲ ಬುದ್ದಿ. ನಾನು ಉಯ್ದದ್ದು. ಧೂಳಿಗೆ."

ಸಾಬರು ನನ್ನ ಕಡೆ ತಿರುಗಿ, "ರಂಗೋಲಿನೂ ಬುಟ್ಟಿದ್ಯೇನವ್ವ?" ಎಂದರು. ಬೆಂಕಿ ಮೊದಲು ನೀರನ್ನು ಇಂಗಿಸಬೇಕು, ಅದಕ್ಕೇ ಇದ್ದಿಲು ಸುಮಾರು ಖರ್ಚಾಗಿಬಿಡುತ್ತದೆ, ಗ್ಯಾಸು ಆಮೇಲಿನ ಮಾತು ಎಂದು ಸಾಹುಕಾರರಿಗೆ ಬಿಡಿಸಿ ಹೇಳಿದರು.

ಸಾಹುಕಾರರು ನಂಬಲಿಲ್ಲ. ಒಣಗಿದ ಮೂಟೆಯೊಂದನ್ನು ತಾವೇ ತರಿಸಿ, ಮುಂದಿನ ಸೀಟಿನಲ್ಲಿ ಕೂತು ಮಳವಳ್ಳಿಗೆ ಹೊರಟರು. ನಾನು ಹಿಂದೆ ಗುಳಗಳ ನಡುವೆ ಕೂತು ಒಂದೊಂದು ಏರಿನಲ್ಲೂ ಇಂಜಿನಿನ ಸದ್ದಿಗೆ ಕಿವಿಗೊಟ್ಟೆ. ಮಳವಳ್ಳಿ ಮುಟ್ಟಿದೆವು, ತಿರುಗಿದೆವು. ಮದ್ದೂರಿಗೆ ಒಂದು ಮೈಲಿ ಇದೆ ಎನ್ನುವಾಗ ಇಂಜಿನು ಕೆಮ್ಮಿ ನಿಂತಿತು. ಮೂಟೆ ಖಾಲಿ. ಕಬ್ಬಿಣ ತುಂಬಿದ ಗಾಡಿಗೆ ಒಣ ಇದ್ದಿಲೂ ಸಾಲದು. ಸಾಹುಕಾರರು ಇಳಿದು, ಪಂಚೆ ಎತ್ತಿಕಟ್ಟಿ, ನಮ್ಮ ಜೊತೆ ತಳ್ಳಿದರು.

ತಪ್ಪಾಯಿತು ಎಂದು ಅವರು ಹೇಳಲಿಲ್ಲ. ಮುಂದಿನ ವಾರದಿಂದ ಒಂದೂಕಾಲು ಮೂಟೆ ಕೊಟ್ಟರು. ನಿಮ್ಮ ತಾತ ಮಿಲಿಟರಿಗೆ ಹೋಗಲಿಲ್ಲ. ನಾನು ಮೂಗಿಗೆ ಸೆರಗು ಕಟ್ಟಿಕೊಂಡು, ಪೆಟ್ರೋಲು ಮತ್ತೆ ಸಿಗುವವರೆಗೂ ಒಣ ಇದ್ದಿಲನ್ನೇ ಒಡೆದೆ.